ಹಾಡುವುದು ಊಟಕ್ಕೆ ಮೊದಲೋ, ಆಮೇಲೋ?

"ಪಂಪ್ ಎಳ್ಕಂಡ್ಯಾ? ಮಾತ್ರೆ ಆತಾ? ಹಾಡು ಆತಾ?"

ಕಳೆದ ಮಳೆಗಾಲದಿಂದ ಮೊನ್ನೆಮೊನ್ನೆಯವರೆಗೂ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಈ ಪ್ರಶ್ನೆಗಳಿಂದ. ಕೇಳುತ್ತಿದ್ದವರು ನಮ್ಮ ಯಜಮಾನರು. ಹಿತ್ತಲಲ್ಲಿ ಹಲ್ಲುಜ್ಜುತ್ತಾ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೇಳುತ್ತಿದ್ದರು. ಪಕ್ಕದ ಮನೆಗೂ ಕೇಳಿಸುತ್ತಿತ್ತು. ಹಾಡು ಅಂದರೆ ಯಾವುದೋ ಕಂಪನಿಯ ಟಾನಿಕ್ ಅಂದುಕೊಂಡಿದ್ದರೋ ಏನೋ ಅವರು.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಕೆಮ್ಮಿನ ಪರಿಚಯವಿದೆ. (ನಡುವೆ ಬರಹ ತಪ್ಪಿದಾಗ ವಿಚಾರಿಸಿಕೊಂಡವರಿಗೆ ಥ್ಯಾಂಕ್ಸ್.) ಹೊಸಬರಿಗೆ ಹೇಳಿಬಿಡುತ್ತೇನೆ. ನನಗೆ ಸಿಓಪಿಡಿ. ಒಳಗೆ ಹೋದ ಉಸಿರು ಸಲೀಸಾಗಿ ಹೊರಗೆ ಬರುವುದಿಲ್ಲ. ಪಂಪ್ ಅಂದರೆ ಅದಕ್ಕೆ ಬಾಯಲ್ಲಿ ಎಳೆದುಕೊಳ್ಳುವ ಇನ್ಹೇಲರ್. ವಾಸಿಯಾಗುವ ಕಾಯಿಲೆಯಲ್ಲ, ಜೊತೆಯಲ್ಲಿಟ್ಟುಕೊಂಡೇ ಬಾಳಬೇಕಾದ ಕಾಯಿಲೆ. ಅದು ಬೀಡಿ ಸೇದುವವರಿಗೆ ಬರೋದಲ್ವಾ ಅಂತ ಕೇಳಬೇಡಿ. ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಲಂಗ ಹಾಕುವ ವಯಸ್ಸಿನಿಂದಲೇ ತೊಗರಿ ಕಡ್ಡಿ, ಶೇಂಗಾ ಸಿಪ್ಪೆ ಒಲೆಗೆ ತುರುಕಿ ಊದಿದವಳು ನಾನು. ಬೀಡಿಯವರು ಹೊಗೆ ಬೇಕು ಅಂತ ಎಳೆದುಕೊಂಡರು. ನಮಗೆ ಬೇಕಾಗಿದ್ದದ್ದು ಮುದ್ದೆ.

ಹುಡುಗಿಯಾಗಿದ್ದಾಗ ಜವನಗೊಂಡನಹಳ್ಳಿ ಸುತ್ತಮುತ್ತ ಯಾವ ಮದುವೆಯಾದರೂ ಸೋಬಾನೆ ಎತ್ತಲು ನನ್ನನ್ನೇ ಕರೆಯುತ್ತಿದ್ದರು. ಹಿರಿಯೂರಿಗೆ ಸೊಸೆಯಾಗಿ ಬಂದ ಮೇಲೂ ಹೋಗಿ ಹಾಡಿ ಬರುತ್ತಿದ್ದೆ. ನಲವತ್ತೈದು ದಾಟಿದ ಮೇಲೆ ಉಸಿರು ಕೈಕೊಟ್ಟಿತು. ಹಾಡು ನಿಂತಿತು. ನಿಂತದ್ದು ಮನೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ. (ಸಾರಿಗೆ ಉಪ್ಪು ಕಡಿಮೆಯಾದರೆ ತಕ್ಷಣ ಗೊತ್ತಾಗುವ ಮನೆ ಇದು.)

ಹೀಗಿರುವಾಗ ಕಳೆದ ಮಳೆಗಾಲದಲ್ಲಿ ದುರ್ಗದ ಡಾಕ್ಟರು ನನ್ನ ಎದೆಗೆ ಸ್ಟೆತಾಸ್ಕೋಪ್ ಇಟ್ಟುಕೊಂಡೇ ಕೇಳಿದರು. ಮಗಳ ವಯಸ್ಸಿನ ಹೆಣ್ಣುಮಗಳು.

"ಮೊದಲು ಹಾಡೋ ಅಭ್ಯಾಸ ಏನಾದ್ರೂ ಇತ್ತಾ ಅಮ್ಮ?"

ಇತ್ತು ಅಂದೆ.

"ಹಾಗಾದ್ರೆ ಮತ್ತೆ ಶುರು ಮಾಡಿ. ಉಸಿರನ್ನ ನಿಧಾನಕ್ಕೆ ಬಿಡೋದು ಹಾಡೋರಿಗೆ ಗೊತ್ತಿರುತ್ತೆ. ನಿಮಗೆ ಒಳ್ಳೇದಾಗಬಹುದು."

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಕುರ್ಚಿ ಮುಂದಕ್ಕೆಳೆದರು. ಬಬ್ಬೂರು ಫಾರಂನಲ್ಲಿ ಕೆಲಸ ಮಾಡಿ ರಿಟೈರ್ ಆದವರು ಇವರು. ಯಾವ ಬೀಜಕ್ಕೆ ಎಷ್ಟು ನೀರು, ಯಾವ ಗೊಬ್ಬರ ಯಾವಾಗ ಅಂತ ನೋಡುತ್ತಲೇ ಆಯಸ್ಸು ಕಳೆದವರು. ಬಹಳ ಗಂಭೀರವಾಗಿ ಕೇಳಿದರು:

"ಡಾಕ್ಟ್ರೇ, ಹಾಡಾದು ಊಟಕ್ಕೆ ಮೊದ್ಲಾ, ಆಮೇಲಾ?"

ಡಾಕ್ಟರು ನಗು ತಡೆದುಕೊಂಡು, ಹೊಟ್ಟೆ ಭಾರ ಇರಬಾರದು ಅಷ್ಟೇ ಅಂದರು. ಅಲ್ಲಿಗೆ ತೀರ್ಮಾನವಾಯಿತು. ಬೆಳಿಗ್ಗೆ ಒಂದು ಹೊತ್ತು, ಖಾಲಿ ಹೊಟ್ಟೆಗೆ.

ಮರುದಿನದಿಂದ ನನ್ನ ಹಾಡಿಗೆ ಸಿಕ್ಕ ಮರ್ಯಾದೆ ಏನು ಕೇಳುತ್ತೀರಿ! ಟಿವಿ ಸೌಂಡ್ ಕಡಿಮೆ. ಸೊಸೆ ಲತಾ ಮಿಕ್ಸಿ ಹಾಕುವ ಮೊದಲು, "ಅತ್ತೆ, ನಿಮ್ದು ಆಯ್ತಾ?" ಅಂತ ಇಣುಕಿ ಕೇಳುತ್ತಿದ್ದಳು. ಅದೇ ಹಾಡು, ಅದೇ ಗಂಟಲು. ಗಂಟಲು ಚೆನ್ನಾಗಿದ್ದ ಕಾಲದಲ್ಲಿ ಅಡುಗೆಮನೆಯಲ್ಲಿ ಒಂದು ಸಾಲು ಅಂದರೆ ಸಾಕು, "ನ್ಯೂಸ್ ಕೇಳಂಗಿಲ್ಲ ಸುಮ್ಕಿರು" ಅನ್ನುತ್ತಿದ್ದರು.

ಮೊದಲ ದಿನ ಅರ್ಧ ಸಾಲಿಗೇ ದಮ್ಮು ಹತ್ತಿತು. ಪಕ್ಕೆ ಹಿಡಿದುಕೊಂಡು ಕೂತೆ. ಒಂದೇ ಉಸಿರಿಗೆ ದಾಟುತ್ತಿದ್ದ ಸಾಲನ್ನು ಈಗ ಎಲ್ಲಿ ಮುರಿಯಬೇಕು, ಎಲ್ಲಿ ನಿಂತು ಗಾಳಿ ತಗೊಂಡು ಮತ್ತೆ ಹಿಡಿಯಬೇಕು ಅಂತ ಹೊಸದಾಗಿ ಕಲಿಯಬೇಕಾಯಿತು. ಕಾರ್ತಿಕ ಬರುವ ಹೊತ್ತಿಗೆ ಒಂದು ಸಾಲು ಸರಿಯಾಗಿ ಬಂತು. ಅವತ್ತು ನನಗಾದ ಖುಷಿ ಮಗ ಹುಟ್ಟಿದಾಗಲೂ ಆಗಿತ್ತೋ ಇಲ್ಲವೋ. (ಮಗ ಇದನ್ನು ಓದುವುದಿಲ್ಲ, ಧೈರ್ಯವಾಗಿ ಬರೆಯುತ್ತಿದ್ದೇನೆ.)

ಒಂದು ಸಂಜೆ ಅವರೆಕಾಯಿ ಸುಲಿಯುತ್ತಾ ಗುನುಗುತ್ತಿದ್ದೆ. ಯಜಮಾನರು ಗಾಬರಿಯಿಂದ ಒಳಗೆ ಬಂದರು.

"ಬೆಳಿಗ್ಗೆ ಆಗ್ಲಿಲ್ವೇನೇ?"

"ಆಗೈತೆ."

"ಮತ್ತೆ? ಡಾಕ್ಟ್ರು ಹೇಳಿದ್ದು ಒಂದೊತ್ತು."

ಓವರ್‌ಡೋಸ್! ನಕ್ಕೆ. ನಕ್ಕ ಮೇಲೆ ಯಾಕೋ ಮನಸ್ಸಿಗೆ ಪಿಚ್ಚೆನಿಸಿತು.

ನಮ್ಮ ಹೆಂಗಸರ ಖುಷಿಗೆಲ್ಲ ಹೀಗೊಂದು ಡಾಕ್ಟರ್ ಚೀಟಿ ಬೇಕು, ಗಮನಿಸಿದ್ದೀರಾ? ವಾಕಿಂಗ್ ಹೋದರೆ ಶುಗರ್‌ಗೆ. ಗೆಳತಿಯ ಜೊತೆ ಕೂತು ಹರಟಿದರೆ ಬಿಪಿಗೆ. ಹೊಳಲ್ಕೆರೆಯಲ್ಲಿ ನನಗೆ ಗೊತ್ತಿರುವ ಒಬ್ಬಾಕೆ ಮೊಣಕಾಲು ನೋವಿಗೆ ಅಂತ ಸೈಕಲ್ ಕಲಿತರು. ನೋವು ಹೋಗಿ ಎಷ್ಟೋ ಕಾಲವಾಯಿತು, ಆದರೆ ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಸೈಕಲ್ಲೂ ಹೋಗುತ್ತದೆ ಅನ್ನುವ ಭಯ ಅವರಿಗೆ. ಆಗ ನಗುತ್ತಾ ಕೇಳಿದ್ದೆ. ಆ ಭಯ ಎಷ್ಟು ನಿಜ ಅಂತ ಮಾಘದಲ್ಲಿ ಗೊತ್ತಾಯಿತು.

ಮತ್ತೆ ದುರ್ಗಕ್ಕೆ ಹೋದೆವು. ಮೂಗಿಗೆ ಕ್ಲಿಪ್ ಹಾಕಿ ಮಷಿನ್‌ಗೆ ಊದಿಸಿದರು. ಡಾಕ್ಟರು ರಿಪೋರ್ಟ್ ನೋಡಿ ಇದ್ದದ್ದನ್ನು ಇದ್ದಂತೆ ಹೇಳಿದರು.

"ಮಷಿನ್ ಲೆಕ್ಕದಲ್ಲಿ ಏನೂ ವ್ಯತ್ಯಾಸ ಕಾಣ್ತಿಲ್ಲ ಅಮ್ಮ. ಹಾಡಿದಾಗ ನಿಮಗೆ ಹೇಗನ್ನಿಸುತ್ತೆ?"

"ದಮ್ಮು ಹಂಗೇ ಐತ್ರಿ," ಅಂತ ನನ್ನ ಪರವಾಗಿ ಯಜಮಾನರು ಉತ್ತರ ಕೊಟ್ಟರು.

ಇಷ್ಟವಿದ್ದರೆ ಮುಂದುವರಿಸಿ, ತೊಂದರೆಯೇನಿಲ್ಲ ಅಂದರು ಡಾಕ್ಟರು. ಇವರ ಕಿವಿಗೆ ಬಿದ್ದದ್ದು ವ್ಯತ್ಯಾಸ ಇಲ್ಲ ಅನ್ನುವುದು ಮಾತ್ರ. ಬಸ್ಸು ಐಮಂಗಲ ದಾಟುವಾಗ ರಿಪೋರ್ಟ್ ಮಡಿಸಿ ಜೇಬಿಗಿಟ್ಟರು. ಆಮೇಲೆ, "ಬಿಟ್ಬಿಡು. ಇರಾ ಉಸ್ರು ಯಾಕೆ ಖರ್ಚು ಮಾಡ್ತೀಯ," ಅಂದರು. ಇಳುವರಿ ಕೊಡದ ತಳಿಯನ್ನು ಕಿತ್ತು ಹಾಕಿದಷ್ಟೇ ಸಲೀಸಾಗಿ ಅಂದರು.

ಮರುದಿನ ಬೆಳಿಗ್ಗೆ ಪಂಪ್ ಎಳ್ಕಂಡ್ಯಾ, ಮಾತ್ರೆ ಆತಾ, ಅಷ್ಟೇ. ಟಿವಿ ಮೊದಲಿನಷ್ಟೇ ಜೋರಾಯಿತು. ಮಿಕ್ಸಿ ಯಾರನ್ನೂ ಕೇಳದೆ ತಿರುಗಿತು. ಯಾರೂ ಬೈಯಲಿಲ್ಲ, ಯಾರೂ ತಡೆಯಲಿಲ್ಲ. ನಾನೇ ಬಾಯಿ ಮುಚ್ಚಿಕೊಂಡೆ. ಸಾಹಿತ್ಯ, ಸ್ವಾತಂತ್ರ್ಯ ಅಂತ ಪ್ರತಿವಾರ ಇಲ್ಲಿ ಉಪದೇಶ ಮಾಡುವ ನನಗೆ, ಉಪಯೋಗವಿಲ್ಲದೆಯೂ ಹಾಡುತ್ತೇನೆ ಅನ್ನಲು ನಾಚಿಕೆಯಾಯಿತು. ಬಹಳ ದುಃಖವೂ ಆಯಿತು. ಹಾಡು ಒಂದು ಸಲ ಹೋದಾಗ ತಡೆದುಕೊಂಡಿದ್ದೆ. ಎರಡನೇ ಸಲ ಹೋದಾಗ ಆಗಲಿಲ್ಲ.

ಹೋದ ವಾರ ತಮ್ಮನ ಮಗಳ ಮದುವೆ. ಹಿಂದಿನ ದಿನ ತವರೂರಿನ ಮನೆಯಲ್ಲೇ ಅರಿಶಿನ ಶಾಸ್ತ್ರ. ಕಂಬಳಿ ಹಾಸಿ ಹುಡುಗಿಯನ್ನು ಕೂರಿಸಿದ್ದರು. ತಮ್ಮನ ಹೆಂಡತಿ ತಿಪ್ಪಮ್ಮ ಅರಿಶಿನದ ಬಟ್ಟಲು ಹಿಡಿದು ನನ್ನ ಕಡೆ ತಿರುಗಿದಳು.

"ಅತ್ತಿಗೆ, ನೀನೇ ಎತ್ತು."

ಜಗಲಿಯಿಂದ ಯಜಮಾನರ ದನಿ ಬಂತು. "ಬ್ಯಾಡಮ್ಮ ತಿಪ್ಪಮ್ಮ. ಅವ್ಳಿಗೆ ಉಸ್ರು ಸಾಲಲ್ಲ. ಹಾಡಿದ್ರೂ ಏನೂ ಉಪ್ಯೋಗಿಲ್ಲ ಅಂತ ಡಾಕ್ಟ್ರೇ ಹೇಳ್ಯಾರೆ."

ಹೆಂಗಸರೆಲ್ಲ ನನ್ನನ್ನೇ ನೋಡಿದರು. ಆ ನೋಟದಲ್ಲಿ ಅಯ್ಯೋ ಪಾಪ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ತಿಪ್ಪಮ್ಮ ಮಾತ್ರ ಕೈಯಾಡಿಸಿ, "ಸುಮ್ಕಿರ್ರಿ ಅಣ್ಣ. ಅವ್ಳು ಒಬ್ಳೇನಾ ಹಾಡಾದು? ನಾವೇನು ಸತ್ತೀವಾ?" ಅಂದಳು.

ಎತ್ತಿದೆ.

ಸೋಬಾನೆ ಗೊತ್ತಿಲ್ಲದವರಿಗೆ ಹೇಳಬೇಕು. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಅದೇ ಸಾಲನ್ನು ಹಿಡಿದು ತಿರುಗಿ ಹಾಡುತ್ತಾರೆ. ಅವರು ಹಾಡುವಷ್ಟು ಹೊತ್ತು ಎತ್ತುವವಳಿಗೆ ಬಿಡುವು. ಮನೆಯಲ್ಲಿ ಗೋಡೆ ನೋಡಿಕೊಂಡು ಒಬ್ಬಳೇ ಹಾಡಿ ಹಾಡಿ ಇದನ್ನು ಮರೆತೇಬಿಟ್ಟಿದ್ದೆ. ಅರ್ಧ ಸಾಲು ಕೊಟ್ಟರೆ ಅರ್ಧವನ್ನೇ ಹಿಡಿದರು. ಮೂರನೇ ನುಡಿಯಲ್ಲಿ ಕೆಮ್ಮು ಬಂತು. ಜೋರಾಗಿಯೇ ಬಂತು, ಕಣ್ಣಲ್ಲಿ ನೀರು ಬರುವಷ್ಟು. ಅವರು ನಿಲ್ಲಿಸಲಿಲ್ಲ. ನಾನು ಬಿಟ್ಟ ಸಾಲನ್ನೇ ತಿರುತಿರುಗಿ ಹಾಡುತ್ತಾ, ಹುಡುಗಿಯ ಕೆನ್ನೆಗೆ ಅರಿಶಿನ ಹಚ್ಚುತ್ತಾ ಕಾದರು. ನಾನು ನೀರು ಕುಡಿದು, ಪಂಪ್ ಎಳೆದುಕೊಂಡು, ಮುಂದಿನ ಸಾಲು ಎತ್ತಿದೆ. ದನಿ ಒಡೆದಿತ್ತು. ಆದರೂ ಹಾಡಿನ ಕೊನೆಯ ನುಡಿಯವರೆಗೂ ನಾನೇ ಎತ್ತಿದೆ.

ಊಟವಾದ ಮೇಲೆ ಯಜಮಾನರು ಪಕ್ಕದಲ್ಲಿ ಬಂದು ಕೂತರು. ಮುಖ ಸಣ್ಣದಾಗಿತ್ತು.

"ನೀನು ಕೆಮ್ಮಿದಾಗ ನನ್ ಜೀವ ಬಾಯಿಗೆ ಬಂದಿತ್ತು ಕಣೇ," ಅಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಆಗ ಟಿವಿ ಕಡಿಮೆ ಮಾಡಿದ್ದು, ಈಗ ಬೇಡ ಅಂದದ್ದು ಎರಡೂ ಅದೇ ಹೆದರಿಕೆಯಿಂದ ಬಂದದ್ದು ಅಂತ ನನಗೂ ಗೊತ್ತು. ಅದಕ್ಕೇ ಸಿಟ್ಟು ಅರ್ಧ ಇಳಿಯಿತು.

"ಈಗ ಉಸ್ರು ಹೆಂಗೈತೆ?"

"ಇದ್ದಂಗೇ ಐತೆ."

"ಮತ್ತೆ ಅಷ್ಟು ಕಷ್ಟಪಟ್ಟು ಹಾಡಿದ್ದಕ್ಕೆ ಏನು ಉಪ್ಯೋಗ ಆತು, ನೀನೇ ಹೇಳು."

ಉಳಿದರ್ಧ ಸಿಟ್ಟು ಹಾಗೇ ಇತ್ತಲ್ಲ, ಕೇಳಿಯೇಬಿಟ್ಟೆ:

"ಭಾನುವಾರ ಬಂದ್ರೆ ಫಾರಂ ಗೆಳೆಯರ ಜೊತೆ ಕುಂತು ಇಸ್ಪೀಟು ಆಡ್ತೀರಲ್ಲ, ಅದು ಯಾವ ಕಾಯಿಲೆಗ್ರೀ?"