ರಕ್ತದ ಕೊಳಾಯಿ

ತಮಿಳು ಸೀಮೆಯ ಕಂಬಂ ಕಣಿವೆಯ ಕೊಂಬೈಯಲ್ಲಿ ನಮ್ಮ ಕೆಂಚಣ್ಣ ಮಾಮನ ಮನೆಯ ದೇವರಗೂಡಿನಲ್ಲಿ, ಕುಲದೇವರ ಪಟಕ್ಕೂ ವಿಭೂತಿ ಬಟ್ಟಲಿಗೂ ನಡುವೆ, ಕಳೆದ ವರ್ಷ ಒಂದು ಕಂದು ಬಾಟಲಿ ಬಂದು ಕೂತಿತು. ಅದರ ಮೈಮೇಲೆ ಒಂದು ಡ್ರಾಗನ್, ಡ್ರಾಗನ್ನಿನ ಬಾಲದ ಸುತ್ತ ಚೀನೀ ಅಕ್ಷರಗಳು. ಓದಲಾಗದ್ದನ್ನೆಲ್ಲ ಮಂತ್ರವೆಂದು ನಂಬುವುದು ನಮ್ಮ ಹಳೆಯ ಅಭ್ಯಾಸವಲ್ಲವೇ, ಗೆಳೆಯರೇ? ಬೆಳಗಿನ ಊದುಬತ್ತಿಯ ಹೊಗೆ ದೇವರಿಗೂ ಡ್ರಾಗನ್ನಿಗೂ ಸಮಪಾಲಾಗಿ ಸಲ್ಲುತ್ತಿತ್ತು.

ಮಾಮ ನನ್ನ ತಾಯಿಯ ಅಣ್ಣ, ದ್ರಾಕ್ಷಿ ಬೆಳೆಗಾರ. ಎದೆನೋವು ಬಂದು, ತೇನಿಯಲ್ಲಿ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಗಳೊಂದಿಗೆ ಮನೆಗೆ ಮರಳಿದ್ದರು. ಡಾಕ್ಟರು ತಮಿಳಿನಲ್ಲಿ ‘ರತ್ತಕ್ಕೊಳಾಯಿ’, ಅಂದರೆ ರಕ್ತನಾಳ, ಕಟ್ಟಿಕೊಂಡಿದೆ ಎಂದದ್ದೇ ಅನರ್ಥಕ್ಕೆ ಸಾಕಾಯಿತು. ತೋಟದ ಹನಿ ನೀರಾವರಿಯ ಕೊಳವೆಗಳು ಉಪ್ಪುಗಟ್ಟಿದಾಗ ಆಸಿಡ್ ಹಾಯಿಸಿ ತೊಳೆಯುವ ಮನುಷ್ಯನಿಗೆ, ಎದೆಯದಾದರೂ ಹೊಲದ್ದಾದರೂ, ಕೊಳಾಯಿ ಎಂದರೆ ಕೊಳಾಯಿಯೇ.

“ಮೋಟ್ರು ಚೆನ್ನಾಗೈತೆ, ಪೈಪು ಕಟ್ಕೊಂಡೈತೆ. ಮಾತ್ರೆ ನುಂಗಿದ್ರೆ ಪೈಪು ತೊಳೆದಂಗಾಯ್ತಾ?” ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಈ ಪ್ರಶ್ನೆಗಾಗಿಯೇ ಹುಟ್ಟಿದವನಂತೆ ಬತ್ತಲಗುಂಡಿನಿಂದ ಬಂದವನು ಅತ್ತೆಯ ತಮ್ಮ ಗೋವಿಂದು. ಮೊದಲು ಪಂಪ್‌ಸೆಟ್ಟು, ಆಮೇಲೆ ಈಮು ಕೋಳಿ ಮಾರಿದ್ದವನು ಈಗ ಆಯುಸ್ಸು ಮಾರುತ್ತಿದ್ದ.

“ಬಾವಾ, ನಿಮ್ಮ ಕೊಳಾಯಿಗೆ ತುಕ್ಕು ಹಿಡಿದೈತೆ. ಇಂಗ್ಲಿಷ್ನಾಗೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತಾರೆ. ಇದು ಚೀನಾದ ಕೆಂಪು ಬೇರು, ತುಕ್ಕನ್ನ ಕಿತ್ತು ಬಿಸಾಕುತ್ತೆ” ಎಂದು ಬಾಟಲಿಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಟ್ಟ.

ದಿಂಡಿಗಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ರಜಕ್ಕೆ ಬಂದು ಅಲ್ಲೇ ಕೂತಿದ್ದೆ. ಮಾಮ ನನ್ನತ್ತ ತಿರುಗಿ, “ನಿಜವೇನವ್ವಾ?” ಎಂದರು. ಗೋವಿಂದುವಿನ ಮಾತಿನ ದೊಡ್ಡ ತೊಂದರೆಯೆಂದರೆ ಅದು ಪೂರ್ತಿ ಸುಳ್ಳಲ್ಲ. ಬದುಕಿಸುವ ಪ್ರಾಣವಾಯುವೇ ಒಳಗೊಳಗೆ ನಮ್ಮನ್ನು ಮೇಯುತ್ತದೆ. ನಾಳದ ಗೋಡೆಯಲ್ಲಿ ತಂಗಿದ ಕೊಬ್ಬು ಅದರಿಂದ ಕೆಟ್ಟು, ಗೋಡೆ ಉರಿದು ಊದಿಕೊಳ್ಳುತ್ತದೆ. ಆ ಬೇರಿನ ಸಾರ ಅದನ್ನು ತಡೆಯುವುದನ್ನು ಪ್ರಯೋಗಶಾಲೆಯಲ್ಲಿ ಕಂಡವರೂ ಇದ್ದಾರೆ. ಆದರೆ ಗಾಜಿನ ನಳಿಗೆಗೂ ಮಾಮನ ಮೈಗೂ ಇರುವ ದೂರ, ಕಂಬಂ ಕಣಿವೆಗೂ ಚೀನಾಕ್ಕೂ ಇರುವ ದೂರಕ್ಕಿಂತ ಹೆಚ್ಚು. ಇಷ್ಟನ್ನೂ ಹೇಳಿ, ಡಾಕ್ಟರನ್ನು ಕೇಳದೆ ಕುಡಿಯಬೇಡಿ ಎಂದೆ. ಅರ್ಧಸತ್ಯಕ್ಕೆ ಅರ್ಧ ಕಿವಿಯೇ ಸಾಕು. ಮಾಮ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡರು.

ಅತ್ತೆ ಕುದಿಸಿಕೊಟ್ಟ ಶುಂಠಿ ಕಷಾಯವನ್ನು ಕಾಡುಮದ್ದೆಂದು ಚೆಲ್ಲಿದವರೂ ಇದೇ ಮಾಮನೇ. ಬೇರು ನಮ್ಮ ಬೆಟ್ಟದ್ದಾದರೆ ನಾಟಿ, ಗಡಿ ದಾಟಿ ಬಂದರೆ ಮೇಟಿ! ಚೀನಾ ಪಟಾಕಿ ಸುಡಬೇಡಿರೆಂದು ಫೋನಿನಲ್ಲಿ ದೇಶಭಕ್ತಿ ಹಂಚುವ ನೆಂಟರೂ ಆ ಬಾಟಲಿಯನ್ನು ಕಣ್ಣಿಗೊತ್ತಿಕೊಂಡು ಹೋದರು.

ಹೀಗೆ ಮಾತ್ರೆಯೂ ಬೇರೂ ಒಟ್ಟಿಗೆ ಒಳಗಿಳಿಯತೊಡಗಿದವು. ಮಾಮನ ತೋಳಲ್ಲಿ ನೀಲಿ ಕಲೆಗಳೆದ್ದವು. ಗೋವಿಂದು ಫೋನಿನಲ್ಲಿ, “ಕೊಳೆ ಹೊರಗೆ ಬರ್ತಾ ಐತೆ” ಎಂದ. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ; ಮಾಮನೇ ಸಂಭ್ರಮದಿಂದ ಉಗುಳಿ ತೋರಿಸಿ, “ನೋಡು, ತುಕ್ಕಿನ ಬಣ್ಣ!” ಎಂದರು. ಅತ್ತೆ, “ಅದು ತುಕ್ಕಲ್ಲ, ರತ್ತ. ಸಾಕು, ಬಿಡಿ” ಎಂದು ಬೇಡಿಕೊಂಡರೆ ಮಾಮ, ಹೆಂಗಸಿಗೇನು ಗೊತ್ತು ಪೈಪಿನ ವಿಚಾರ ಎಂದುಬಿಟ್ಟರು.

ಒಂದು ಬೆಳಿಗ್ಗೆ ಚಪ್ಪರದ ಕೆಳಗೆ ಬಳ್ಳಿ ಸವರುತ್ತಿದ್ದಾಗ ಮಾಮನ ಮೂಗಿನಿಂದ ಸುರಿಯತೊಡಗಿದ ರಕ್ತ ಏನು ಮಾಡಿದರೂ ನಿಲ್ಲಲಿಲ್ಲ. ಅತ್ತೆ ಒತ್ತಿಹಿಡಿದ ಟವೆಲ್ಲು ತೊಯ್ದು, ಅವರ ಸೆರಗೂ ತೊಯ್ದು, ಕಾರು ತೇನಿಯ ದಾರಿ ಹಿಡಿಯುವಷ್ಟರಲ್ಲಿ ಮಾಮನ ಮುಖ ಸುಣ್ಣವಾಗಿತ್ತು. ಯಾರಿಗೂ ಸೋಲದ ಆ ಬಾಯಿ ಸಣ್ಣಗೆ ಕೇಳಿತು: “ಕೊಳಾಯಿ ಒಡೆದೇ ಹೋಯ್ತೇನವ್ವಾ?” ಅಷ್ಟು ದಿನ ಗೇಲಿ ಮಾಡಿಕೊಂಡಿದ್ದ ನಾನು, ಪಕ್ಕದಲ್ಲಿ ಕೂತು ಅವರ ಮೂಗನ್ನು ಇನ್ನಷ್ಟು ಬಿಗಿಯಾಗಿ ಅದುಮಿ ಹಿಡಿದೆ.

ಆಸ್ಪತ್ರೆಯಲ್ಲಿ ಮೂಗಿಗೆ ಬಟ್ಟೆ ತುರುಕಿ, ಹೊಸ ರಕ್ತ ಕೊಟ್ಟು, ಹೇಗೋ ನಿಲ್ಲಿಸಿದರು. ಬಾಟಲಿಯ ಕತೆ ಕೇಳಿದ ಡಾಕ್ಟರು ಸಿಟ್ಟಾಗಲಿಲ್ಲ. “ಬೇರಿಗೆ ಗುಣವಿಲ್ಲ ಅಂತ ಯಾರು ಹೇಳಿದ್ದು? ಗುಣ ಇರೋದೇ ತೊಂದರೆ. ನನ್ನ ಮಾತ್ರೆ ಮಾಡೋ ಕೆಲಸವನ್ನೇ ಅದೂ ಮಾಡಿದೆ. ಇಬ್ಬರೂ ಸೇರಿ ನಿಮ್ಮ ರಕ್ತವನ್ನ ನೀರು ಮಾಡಿದ್ದೇವೆ” ಎಂದರು.

ಮಾರನೆಯ ದಿನ ಗೋವಿಂದು ಕಿತ್ತಳೆ ಹಿಡಿದು ಬಂದ. ಚೀಲದಿಂದ ಹಣ್ಣು ತೆಗೆಯುವಾಗ ಒಂದು ಮಾತ್ರೆಯ ಪಟ್ಟಿಯೂ ಜಾರಿಬಿತ್ತು. ಅತ್ತೆ ಎತ್ತಿ ನೋಡಿದರು; ಗಂಡನಿಗೆ ದಿನವೂ ಕೊಡುತ್ತಿದ್ದ ಅದೇ ಮಾತ್ರೆ.

“ಇದು ಯಾರದೋ?”

“ನಂದೇ ಅಕ್ಕಾ. ನಂಗೂ ಎದೆ ಕೊಳಾಯಿನಾಗೆ ಅಡೈಪ್ಪು ಐತಂತೆ, ಕಟ್ಕೊಂಡೈತಂತೆ.”

“ಮತ್ತೆ ನಿನ್ನ ಚೀನಾ ಬೇರು?”

ಗೋವಿಂದು ನೆಲ ನೋಡಿದ. “ಅದು ಮಾರೋಕೆ.”

ಅತ್ತೆಯ ಕೈ ಮೇಲೆದ್ದಿತು, ಹೊಡೆಯುವುದಕ್ಕೇ ಇರಬೇಕು. ಆದರೆ ಮಂಚದ ಮೇಲೆ ಮಾಮನಿಗೆ ನಗು ಬಂದುಬಿಟ್ಟಿತ್ತು. ಮೂಗಿನ ಬಟ್ಟೆ ಹಾರದಂತೆ ಎರಡೂ ಕೈಯಿಂದ ಅದುಮಿಕೊಂಡು, ಕಣ್ಣೀರು ಸುರಿಸುತ್ತಾ, ಇಡೀ ಮಂಚವನ್ನೇ ಅಲುಗಿಸುತ್ತಿದ್ದರು.