ಕೂರುವ ಅಭ್ಯಾಸ

ಕತ್ತರಿಯಕ್ಕ ಕತ್ತರಿ ಹಿಡಿದಳೆಂದರೆ ಬಟ್ಟೆಯ ಥಾನು ತಾನಾಗಿಯೇ ಬಿಚ್ಚಿಕೊಂಡು, ಮೇಜಿನ ಮೇಲೆ ಮಲಗಿ, ಉಸಿರು ಬಿಗಿಹಿಡಿಯುತ್ತಿತ್ತು ಎಂದು ಆ ಬೀದಿಯವರು ಹೇಳುತ್ತಿದ್ದರು. ಇದರಲ್ಲಿ ಅರ್ಧ ಸುಳ್ಳೆಂದು ತೆಗೆದುಹಾಕಿದರೂ ಉಳಿದರ್ಧವೇ ಧಾರಾಳವಾಯಿತು. ಇಪ್ಪತ್ತೆಂಟು ವರ್ಷ ಒಂದೇ ಅಂಗಡಿಯಲ್ಲಿ, ಒಂದೇ ಹೊಲಿಗೆ ಮಿಷನ್ನಿನ ಮುಂದೆ ಕೂತವಳು. ಅಂಗಡಿಯ ಒಂದು ಪಾಲು ಅವಳದ್ದು, ಇನ್ನೊಂದು ಪಾಲು ಗಡಿಯಾರ ರಿಪೇರಿ ಮಾಡುವ ಗಂಡನದ್ದು. ಅವನ ಗೋಡೆಯ ಮೇಲೆ ಹದಿನೇಳು ಗಡಿಯಾರಗಳು. ಹದಿನೇಳೂ ಕೆಟ್ಟು ಬಂದವಾದ್ದರಿಂದ ಒಂದು ಹೇಳಿದ ಹೊತ್ತನ್ನು ಇನ್ನೊಂದು ಒಪ್ಪುತ್ತಿರಲಿಲ್ಲ. ನಿಜವಾದ ಹೊತ್ತು ಬೇಕಾದವರು ಎದುರಿನ ಔಷಧಿ ಅಂಗಡಿಯಲ್ಲಿ ಕೇಳಿಕೊಂಡು ಬರಬೇಕಿತ್ತು.

ಈ ದಂಪತಿಗೆ ಒಬ್ಬಳೇ ಮಗಳು, ಪುಟ್ಟಿ. ಕರೆಯುವುದು ಪುಟ್ಟಿ ಎಂದು, ವಯಸ್ಸು ಇಪ್ಪತ್ತನಾಲ್ಕು. ಅವಳು ಹುಟ್ಟಿದ ಮೂರನೇ ದಿನ ಡಾಕ್ಟರು ಡೌನ್ ಸಿಂಡ್ರೋಮ್ ಎಂದು ಹೇಳಿ, ಮಗುವಿಗೆ ಏನೇನು ಬರುವುದಿಲ್ಲ ಎಂಬುದನ್ನು ಒಂದೊಂದಾಗಿ ಹೇಳತೊಡಗಿದರು. ಅವರು ಮುಗಿಸುವಷ್ಟರಲ್ಲಿ ಪುಟ್ಟಿಗೆ ಎರಡು ಹಲ್ಲು ಬಂದಿದ್ದವು ಎಂದು ಕತ್ತರಿಯಕ್ಕ ಈಗಲೂ ಹೇಳುತ್ತಾಳೆ. ಎಲ್ಲ ಕೇಳಿಸಿಕೊಂಡು ಅವಳು ಅಂದು ಕೇಳಿದ್ದು ಒಂದೇ ಮಾತು.

"ಬರೋದು ಏನೇನು ಅಂತ ಒಂದು ಪಟ್ಟಿ ಇದೆಯಾ, ಡಾಕ್ಟ್ರೇ?"

ಆ ಪಟ್ಟಿ ಅವರ ಬಳಿ ಇರಲಿಲ್ಲ. ಅಂದಿನಿಂದ ಅದನ್ನು ಇವಳೇ ಮಾಡಿಕೊಳ್ಳುತ್ತಾ ಬಂದಳು.

ಶನಿವಾರದ ಕೂಟ ಶುರುವಾದದ್ದು ಅಂಗಿಯ ತೋಳಿನಿಂದ. ಇಂಥ ಮಕ್ಕಳಿಗೆ ಕೈ ಕೊಂಚ ಗಿಡ್ಡ, ಕೊರಳು ಕೊಂಚ ಅಗಲ. ಅಂಗಡಿಯ ಸಿದ್ಧ ಅಂಗಿಯನ್ನು ಕೊರಳಿಗೆ ಸರಿಯಾಗಿ ಕೊಂಡರೆ ತೋಳು ನೆಲ ಗುಡಿಸುತ್ತದೆ. ಪುಟ್ಟಿಯ ಅಂಗಿಗಳು ಅಳತೆಗೆ ಸರಿಯಾಗಿ ಕೂರುವುದನ್ನು ನೋಡಿದ ಒಬ್ಬ ತಾಯಿ ತನ್ನ ಮಗನ ಅಂಗಿ ತಂದಳು. ಅವಳನ್ನು ನೋಡಿ ಇನ್ನೊಬ್ಬಳು ಬಂದಳು. ಅಳತೆ ತೆಗೆಯಲು ಐದು ನಿಮಿಷ ಸಾಕು, ಬಂದವರು ಮಾತ್ರ ಮೂರು ಗಂಟೆ ಏಳುತ್ತಿರಲಿಲ್ಲ. ಒಬ್ಬರ ಮಗುವಿಗೆ ಹೃದಯದಲ್ಲಿ ತೂತು, ಇನ್ನೊಬ್ಬರ ಮಗಳನ್ನು ಶಾಲೆಯವರು ಸೇರಿಸಿಕೊಳ್ಳುತ್ತಿಲ್ಲ, ಮತ್ತೊಬ್ಬರ ಅತ್ತೆ ಮಗುವನ್ನು ಎತ್ತಿಕೊಳ್ಳುವುದೇ ಇಲ್ಲ. ಹೇಳಿಕೊಂಡು ಹಗುರವಾಗಿ ಹೋದವರು ಮುಂದಿನ ಶನಿವಾರ ಸರಿಯಾಗಿಯೇ ಇದ್ದ ಅಂಗಿಯ ತೋಳು ಬಿಚ್ಚಿಕೊಂಡು ಬರುತ್ತಿದ್ದರು. ಒಂದು ನೆಪ ಬೇಕಲ್ಲ.

ಹೀಗೆ ಕೂಡಿದ್ದು ಒಂಬತ್ತು ಮನೆ. ಯಾರದಾದರೂ ಮಗುವಿಗೆ ಆಪರೇಷನ್ ಎಂದರೆ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಯಂತೆ ಇಬ್ಬರು ಕೂರುತ್ತಿದ್ದರು. ಎಲ್ಲಾದರೂ ಇಂಥ ಕೂಸು ಹುಟ್ಟಿದೆ ಎಂದು ತಿಳಿದರೆ ಕತ್ತರಿಯಕ್ಕ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಹೋಗಿ, ಅಳುತ್ತಿದ್ದ ತಾಯಿಗೆ, "ಅಳೋದು ಆಮೇಲೆ ಅಳಮ್ಮಾ, ಮೊದಲು ಮಗು ತೋರಿಸು, ಕುಲಾವಿ ಅಳತೆ ತಗೋಬೇಕು" ಎನ್ನುತ್ತಿದ್ದಳು.

ಮಕ್ಕಳು ಬೆಳೆದ ಮೇಲೆ ಬಸ್ಸಿನ ಅಭ್ಯಾಸ ಎಂಬುದೊಂದನ್ನು ಶುರು ಮಾಡಿದರು. ಅದಕ್ಕೊಂದು ಕಟ್ಟುನಿಟ್ಟಾದ ರೂಲು. ಮಕ್ಕಳ ಜೊತೆ ಸ್ವಂತ ಮನೆಯವರು ಬಸ್ಸು ಹತ್ತಕೂಡದು, ಬೇರೆ ಮನೆಯವರು ಹತ್ತಬೇಕು. ಹೆತ್ತವಳು ಪಕ್ಕದಲ್ಲಿದ್ದರೆ ಮಗು ಟಿಕೆಟ್ ಕೇಳುವುದಿಲ್ಲ, ಅಮ್ಮನ ಮುಖ ನೋಡುತ್ತದೆ. ರೂಲು ಮಾಡಿದವಳು ಕತ್ತರಿಯಕ್ಕ. ಮುರಿದವಳೂ ಅವಳೇ.

ಆದದ್ದು ಹೀಗೆ. ಊರಾಚೆ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಿಸುವ ಕೆಲಸ ಖಾಲಿಯಿತ್ತು. ಪುಟ್ಟಿ ಅರ್ಜಿ ಹಾಕಿದಳು. ತಾಯಿಯ ಮೇಜಿನ ಮೇಲೆ ಹತ್ತು ವರ್ಷ ಬಟ್ಟೆ ಮಡಿಸಿದ ಕೈ ಅದು. ಅವಳು ಮಡಿಸಿದ ಹಾಸಿನ ಮೂಲೆಗೆ ಬೆರಳು ತಗುಲಿದರೆ ರಕ್ತ ಬರುತ್ತದೆ, ಅಷ್ಟು ಚೂಪು. ಲಾಂಡ್ರಿಯ ಮೇಲ್ವಿಚಾರಕಿಗೂ ಅದು ಮೆಚ್ಚಿಗೆಯಾಯಿತು. ಆಕೆ ಮುಖವನ್ನೂ ಇಸ್ತ್ರಿ ಮಾಡಿಸಿಕೊಂಡಂತಿದ್ದ ಹೆಂಗಸು. ನಗುವಿನ ಒಂದು ಸುಕ್ಕೂ ಅಲ್ಲಿರಲಿಲ್ಲ.

"ಕೈ ಚೆನ್ನಾಗಿದೆ," ಎಂದಳು ಆಕೆ ಕತ್ತರಿಯಕ್ಕನಿಗೆ. "ಆದ್ರೆ ಸೋಮವಾರದಿಂದ ಶನಿವಾರದವರೆಗೆ ಆರು ದಿನ ಪರೀಕ್ಷೆ, ಅವಳೇ ಬಸ್ಸಲ್ಲಿ ಬಂದು ಏಳು ಗಂಟೆಗೆ ಗೇಟಲ್ಲಿರ್ಬೇಕು. ಮನೆಯವರು ಕರ್ಕೊಂಡು ಬಂದ್ರೆ ಕೆಲಸ ಇಲ್ಲ."

"ಅದ್ಯಾಕೆ ಮೇಡಂ, ಮನೆಯವರ ಮೇಲೆ ಅಷ್ಟು ಕೋಪ?"

"ಹಿಂದೆ ಇಂಥವರೇ ಒಬ್ಬರನ್ನ ತಗೊಂಡಿದ್ದೆ. ತಾಯಿ ದಿನಾ ಜೊತೇಲಿ ಬಂದು, ಎಲ್ಲಾ ಹಾಸನ್ನೂ ತಾವೇ ಮಡಿಸಿ ಹೋಗ್ತಿದ್ರು. ಕೊನೆಗೆ ಸಂಬಳ ಯಾರ ಕೈಗೆ ಕೊಡೋದು ಅಂತ ನಂಗೇ ತಿಳೀಲಿಲ್ಲ."

ಕತ್ತರಿಯಕ್ಕ ಆ ತಾಯಿಯನ್ನು ನೆನೆದು ಜೋರಾಗಿ ನಕ್ಕಳು. ಇನ್ನೂ ನಾಲ್ಕು ದಿನ ಕಳೆದಿದ್ದರೆ ಅಷ್ಟು ಜೋರಾಗಿ ನಗುತ್ತಿರಲಿಲ್ಲ.

ಸೋಮವಾರ, ಮಂಗಳವಾರ, ಬುಧವಾರ ಪುಟ್ಟಿ ಆರು ಇಪ್ಪತ್ತರ ಹದಿನಾಲ್ಕನೇ ನಂಬರ್ ಬಸ್ಸು ಹತ್ತಿದಳು, ಏಳಕ್ಕೆ ಮುಂಚೆ ಗೇಟಿನಲ್ಲಿದ್ದಳು. ಗುರುವಾರದ ಹೊತ್ತಿಗೆ ತಾಯಿಯ ತಲೆಯೊಳಗೆ ಹದಿನೇಳು ಗಡಿಯಾರಗಳೂ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಬೆಳಗ್ಗೆ ಆರಕ್ಕೆ ಗಂಡನಿಗೆ ದಾರ ತರುತ್ತೇನೆ ಎಂದು ಹೇಳಿ ಹೊರಟಳು. ದಾರದ ಅಂಗಡಿ ತೆರೆಯುವುದು ಹತ್ತಕ್ಕೆ. ಗಂಡ ಗೋಡೆಯ ಕಡೆ ನೋಡಿದ, ಯಾವ ಗಡಿಯಾರವೂ ಸಾಕ್ಷಿ ಹೇಳದಿದ್ದರಿಂದ ಸುಮ್ಮನಾದ. ಅವನ ಸ್ಕೂಟರಿನ ಹೆಲ್ಮೆಟ್ಟನ್ನು ಅವಳು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಎರಡು ಸ್ಟಾಪು ಹಿಂದಕ್ಕೆ ನಡೆದುಹೋಗಿ, ಹೆಲ್ಮೆಟ್ ಹಾಕಿಕೊಂಡು, ಅದೇ ಹದಿನಾಲ್ಕನೇ ನಂಬರಿನ ಕೊನೆಯ ಸೀಟಿನಲ್ಲಿ ಕೂತಳು. ಬಸ್ಸಿನಲ್ಲಿ ಹೆಲ್ಮೆಟ್ ಹಾಕಿ ಕೂತವರನ್ನು ಯಾರೂ ಗಮನಿಸುವುದಿಲ್ಲ ಎಂದು ಅವಳ ನಂಬಿಕೆ.

ಕೂಟದ ಉಳಿದ ಎಂಟು ಮಂದಿಯೂ ಅದೇ ಬೆಳಗ್ಗೆ ಒಬ್ಬೊಬ್ಬರೇ ಯೋಚಿಸಿದ್ದರು: ಬೇರೆ ಯಾರೂ ಹೋಗುವುದಿಲ್ಲ, ನಾನೊಬ್ಬ ದೂರದಿಂದ ನೋಡಿ ಬಂದರೆ ಏನು ಹೋಗುತ್ತದೆ. ಹಲ್ಲಿನ ಡಾಕ್ಟರಮ್ಮ ಮುಖಕ್ಕೆ ಮಾಸ್ಕ್ ಹಾಕಿಕೊಂಡಿದ್ದಳು. ಬೇಕರಿಯವ ಕಿಟಕಿಗೆ ಮುಖ ಅಂಟಿಸಿಕೊಂಡಿದ್ದ. ನಿವೃತ್ತ ಕಂಡಕ್ಟರರು ಕಪ್ಪು ಕನ್ನಡಕ, ಕಿವಿ ಮುಚ್ಚುವ ಟೋಪಿ ಹಾಕಿ ಹೆತ್ತ ತಾಯಿಗೂ ಗುರುತು ಸಿಗದ ಹಾಗೆ ನಿಂತಿದ್ದರು. ಪುಟ್ಟಿ ಹತ್ತಿದಳು, ಟಿಕೆಟ್ ತೆಗೆದುಕೊಂಡಳು, ಕಂಬಿ ಹಿಡಿದು ನಿಂತಳು. ಮುಂದಿನ ಸ್ಟಾಪಿನಲ್ಲಿ ಜನ ನುಗ್ಗಿದರು. ಮೂವತ್ತೈದು ವರ್ಷದ ಚಾಳಿ ಕಂಡಕ್ಟರರ ಗಂಟಲಿನಿಂದ ತಾನಾಗಿಯೇ ಹೊರಬಿತ್ತು.

"ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯ ಖಾಲಿ ಇದೆ."

ಪುಟ್ಟಿ ತಿರುಗಿದಳು. "ಮಾವ, ಚೆನ್ನಾಗಿದೀರಾ? ಮಂಡಿನೋವು ಹೇಗಿದೆ?"

ಕೂಟಕ್ಕೆ ಬಂದವರನ್ನೆಲ್ಲ ಬಾಗಿಲಲ್ಲಿ ನಿಂತು ಮಾತಾಡಿಸುವುದು ಪ್ರತಿ ಶನಿವಾರ ಪುಟ್ಟಿಯದೇ ಕೆಲಸ. ಒಬ್ಬರನ್ನು ಮಾತಾಡಿಸಿ ಇನ್ನೊಬ್ಬರನ್ನು ಬಿಡುವುದು ಅವಳ ಮರ್ಯಾದೆಯಲ್ಲಿಲ್ಲ. ಡಾಕ್ಟರಮ್ಮನ ಮಗಳ ಜ್ವರ ವಿಚಾರಿಸಿದಳು, ಬೇಕರಿಯವನ ಹೆಂಡತಿಯ ಕ್ಷೇಮ ಕೇಳಿದಳು. ಹೀಗೆ ಸೀಟಿನಿಂದ ಸೀಟಿಗೆ ಎಂಟು ಮನೆಯ ಸುಖದುಃಖ ಮುಗಿಸಿ ಕೊನೆಯ ಸೀಟಿಗೆ ಬಂದಳು.

"ಅಮ್ಮಾ, ಸೆಕೆ ಆಗಲ್ವಾ?"

ಅಷ್ಟರಲ್ಲಿ ಆಸ್ಪತ್ರೆಯ ಸ್ಟಾಪು ಹಿಂದೆ ಬಿದ್ದು ಮೂರು ಸ್ಟಾಪಾಗಿತ್ತು. ಪುಟ್ಟಿ ಗೇಟು ಮುಟ್ಟಿದಾಗ ಏಳೂಮುಕ್ಕಾಲು. ಆ ದಿನ ಅವಳನ್ನು ಒಳಗೆ ಬಿಡಲಿಲ್ಲ.

ಮಧ್ಯಾಹ್ನ ಕತ್ತರಿಯಕ್ಕ ಮೇಲ್ವಿಚಾರಕಿಯ ಮುಂದೆ ನಿಂತಳು.

"ತಪ್ಪು ಅವಳದ್ದಲ್ಲ ಮೇಡಂ, ನಮ್ಮದು. ಬಸ್ಸಲ್ಲಿ ನಾವು ಒಂಬತ್ತು ಜನ ಇದ್ವಿ."

"ಹೆಲ್ಮೆಟ್ ಹಾಕ್ಕೊಂಡಿದ್ದೋರು ಯಾರು?"

"ಅದು ನಿಮಗೆ ಹೇಗೆ ಗೊತ್ತಾಯ್ತು?"

"ಆ ಬಸ್ಸಲ್ಲಿ ನಮ್ಮ ಕೆಲಸದವರು ಇಬ್ಬರು ಬರ್ತಾರೆ. ಬೆಳಗ್ಗೆಯಿಂದ ಹಾಸು ಮಡಿಸೋದು ಬಿಟ್ಟು ಅದನ್ನೇ ಹೇಳ್ಕೊಂಡು ನಗ್ತಿದಾರೆ." ಆಕೆ ಮಾತ್ರ ನಗಲಿಲ್ಲ. "ನನ್ನ ಹತ್ರ ಹದಿನೆಂಟು ಅರ್ಜಿ ಇದಾವೆ, ಅಮ್ಮ."

"ಇರ್ಲಿ. ಹದಿನೆಂಟರಲ್ಲಿ ಅವಳಷ್ಟು ಚೆನ್ನಾಗಿ ಮಡಿಸೋರು ಇದ್ರೆ ತೋರಿಸಿ, ನಾನು ಸುಮ್ಮನೆ ಎದ್ದು ಹೋಗ್ತೀನಿ. ಇಲ್ದಿದ್ರೆ ಇನ್ನೊಂದು ಸಲ ಪರೀಕ್ಷೆ ಮಾಡಿ. ಈ ಸಲ ಪರೀಕ್ಷೆ ನನಗೂ ಅಂತ ಇಟ್ಕೊಳಿ."

ಮೇಲ್ವಿಚಾರಕಿ ಬಹಳ ಹೊತ್ತು ರಿಜಿಸ್ಟರ್ ತಿರುವಿದಳು. "ಸೋಮವಾರದಿಂದ ಮತ್ತೆ ಆರು ದಿನ. ಮೂರನೇ ಸಲ ಅಂತ ಇಲ್ಲ."

ಆ ಶನಿವಾರದ ಕೂಟದಲ್ಲಿ ಪುಟ್ಟಿ ಬಾಗಿಲಲ್ಲಿ ನಿಂತು ಯಾರನ್ನೂ ಮಾತಾಡಿಸಲಿಲ್ಲ. ಎಲ್ಲರೂ ಬಂದು ಕೂತ ಮೇಲೆ ಕತ್ತರಿಸುವ ಮೇಜಿನ ಪಕ್ಕ ನಿಂತಳು. ಅವಳಿಗೆ ಮಾತು ನಿಧಾನ, ಆದರೆ ಹೊರಟದ್ದು ನಿಲ್ಲುವುದಿಲ್ಲ.

"ನೀವೆಲ್ಲ ಬಂದ್ರಿ. ನಾನು ಲೇಟಾದೆ. ನಾನು ಮಗು ಅಲ್ಲ. ನಂಗೆ ಬಸ್ ಬರುತ್ತೆ. ನಿಮಗೆ ಕೂರೋಕೆ ಬರಲ್ಲ. ನೀವು ಅಭ್ಯಾಸ ಮಾಡಿ."

ಒಂಬತ್ತು ಜನ ದೊಡ್ಡವರು ಶಾಲೆಯ ಮಕ್ಕಳಂತೆ ತಲೆ ತಗ್ಗಿಸಿದರು. ಹೀಗೆ ಕೂಟದಲ್ಲಿ ಕೂರುವ ಅಭ್ಯಾಸ ಎಂಬ ಹೊಸ ಕಾರ್ಯಕ್ರಮ ಶುರುವಾಯಿತು. ಸೋಮವಾರದಿಂದ ಬೆಳಗ್ಗೆ ಆರೂಕಾಲಿಗೆ ಒಂಬತ್ತು ಮನೆಯವರೂ ಅಂಗಡಿಗೆ ಬಂದು ಹಾಜರಿ ಹಾಕಬೇಕು, ಏಳೂವರೆಯವರೆಗೆ ಹೊಸ್ತಿಲು ದಾಟಕೂಡದು. ಕೈ ಸುಮ್ಮನಿದ್ದರೆ ಕಾಲು ಬಸ್ ಸ್ಟಾಪಿನ ಕಡೆ ತಿರುಗುತ್ತದೆಂದು ಕತ್ತರಿಯಕ್ಕ ಒಬ್ಬೊಬ್ಬರಿಗೂ ಒಂದೊಂದು ಅಂಗಿ ಕೊಟ್ಟು ತೋಳಿನ ಹೊಲಿಗೆ ಬಿಚ್ಚಲು ಕೂರಿಸಿದಳು. ಮೊದಲ ದಿನ ಬೇಕರಿಯವ ಗಾಬರಿಯಲ್ಲಿ ಅಂಗಿಯ ಹೊಲಿಗೆ ಮುಗಿಸಿ ತಾನು ಕೂತಿದ್ದ ದಿಂಬಿನ ಹೊಲಿಗೆಯನ್ನೂ ಬಿಚ್ಚಿದ. ಡಾಕ್ಟರಮ್ಮನ ಕಾಲು ನಡುಗುವ ರಭಸಕ್ಕೆ ಪೆಡಲಿನ ಮಿಷನ್ನು ತಾನಾಗಿಯೇ ಒಂದು ಗಜ ಹೊಲಿಯಿತು. ಶುಕ್ರವಾರದ ಹೊತ್ತಿಗೆ ಊರಿನಲ್ಲಿ ತೋಳಿರುವ ಅಂಗಿಯೇ ಉಳಿದಿರಲಿಲ್ಲ, ಪುಟ್ಟಿ ಐದು ದಿನ ಗೆದ್ದಿದ್ದಳು.

ಶನಿವಾರ ಆರು ನಲವತ್ತಕ್ಕೆ ಪೇಪರ್ ಹಾಕುವವ ಬಾಗಿಲಲ್ಲಿ ಸೈಕಲ್ ನಿಲ್ಲಿಸಿದ.

"ಸೇತುವೆ ಹತ್ರ ನೀರಿನ ಪೈಪ್ ಒಡೆದು ರಸ್ತೆ ಕುಸಿದಿದೆ. ಹದಿನಾಲ್ಕನೇ ನಂಬರ್ ಬಸ್ಸಿನ ಜನಾನೆಲ್ಲ ಅಲ್ಲೇ ಇಳಿಸಿ ಬಸ್ಸು ವಾಪಸ್ ಕಳಿಸಿದ್ರು."

ಒಂಬತ್ತು ಅಂಗಿಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಕಂಡಕ್ಟರರು ಆಗಲೇ ತಮ್ಮ ಸ್ಕೂಟರಿನ ಬೀಗದ ಕೈ ತೆಗೆದಿದ್ದರು.

"ಹತ್ತು ನಿಮಿಷದ ಕೆಲಸ ಅಕ್ಕ. ಗೇಟಿನ ಹಿಂದಿನ ತಿರುವಲ್ಲಿ ಇಳಿಸಿ ಬಂದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಕತ್ತರಿಯಕ್ಕ ಎದ್ದು ಬಾಗಿಲಿಗೆ ಬಂದಳು. ಹೊರಗೆ ಹೋಗಲು ಬಂದಳೋ, ಅಡ್ಡ ನಿಲ್ಲಲು ಬಂದಳೋ ಅವಳಿಗೇ ಗೊತ್ತಿರಲಿಲ್ಲ. ಅವಳ ಒಂದು ಕಾಲು ಹೊಸ್ತಿಲ ಆಚೆ ಇತ್ತು. ಸೇತುವೆಯಿಂದ ಆಸ್ಪತ್ರೆಗೆ ಎರಡು ದಾರಿ, ನಡುವೆ ದೊಡ್ಡ ವೃತ್ತ, ಅಲ್ಲಿ ನಿಲ್ಲದ ಲಾರಿಗಳು. ಆ ದಾರಿಯಲ್ಲಿ ಪುಟ್ಟಿ ಒಂದು ದಿನವೂ ನಡೆದವಳಲ್ಲ. ಕತ್ತರಿಯಕ್ಕ ಆ ಕಾಲನ್ನು ಒಳಗೆ ಎಳೆದುಕೊಂಡಳು. ಒಂದು ಥಾನು ಬಟ್ಟೆ ಎಳೆದಷ್ಟು ಭಾರವಾಗಿತ್ತು.

"ಕೂತ್ಕೊಳಿ."

"ಲೇ, ಏನಾದ್ರೂ ಆದ್ರೆ?" ಎಂದ ಗಂಡ. ಇಪ್ಪತ್ತೆಂಟು ವರ್ಷದಲ್ಲಿ ಅವನು ಮಾತಿಗೆ ಎದುರಾಡಿದ್ದು ಅದೇ ಮೊದಲು.

"ನಂಗೂ ಅದೇ ಭಯ ಕಣ್ರೀ. ಆದ್ರೆ ದಾರಿ ಕೇಳೋದನ್ನ ನಾವೇ ನಾಲ್ಕು ವರ್ಷ ಕಲಿಸಿದೀವಿ. ಅವಳ ಹತ್ರ ಫೋನಿದೆ. ಬೇಕು ಅನ್ಸಿದ್ರೆ ಅವಳು ಮಾಡ್ತಾಳೆ. ಅವಳು ಮಾಡೋ ಮುಂಚೆ ನಾವು ಓಡಿದ್ರೆ, ಇವತ್ತು ಒಂದೇ ದಿನ ಅಲ್ಲ, ಸಾಯೋವರೆಗೂ ಓಡ್ತಾನೇ ಇರ್ಬೇಕು. ನಾವು ಸತ್ತ ಮೇಲೆ ಯಾರು ಓಡ್ತಾರೆ?"

ಕಂಡಕ್ಟರರು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಅದರ ಪಕ್ಕದಲ್ಲಿ ಫೋನು. ನಿಂತುಹೋದ ಎರಡನ್ನು ಬಿಟ್ಟು ಗೋಡೆಯ ಮೇಲೆ ಏಳು ಗಂಟೆ ಹದಿನೈದು ಸಲ ಬಂತು; ಎಷ್ಟೋ ಹೊತ್ತು ಒಂದಾದ ಮೇಲೊಂದು ಹೊಡೆಯುತ್ತಲೇ ಇದ್ದವು. ಡಾಕ್ಟರಮ್ಮ ಎದುರಿನ ಔಷಧಿ ಅಂಗಡಿಯ ಕಡೆ ಕೂಗಿ ನಿಜವಾದ ಹೊತ್ತು ಕೇಳಿದಳು. ಏಳು ಹತ್ತು.

ಏಳು ಹನ್ನೆರಡಕ್ಕೆ ಫೋನು ಬಡಿದುಕೊಂಡಿತು. ಮೇಲ್ವಿಚಾರಕಿ.

"ನಿಮ್ಮ ಮಗಳು ಏಳು ನಾಲ್ಕಕ್ಕೆ ಬಂದ್ಲು. ನಾಲ್ಕು ನಿಮಿಷ ತಡ."

ಕತ್ತರಿಯಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಅದೇ ಬಸ್ಸಲ್ಲಿ ಬರೋ ನನ್ನ ಇಬ್ಬರು ಹಳೇ ಕೆಲಸದವರು ಇನ್ನೂ ಬಂದಿಲ್ಲ. ಒಬ್ಬರು ರಸ್ತೆ ಸರಿ ಇಲ್ಲ, ಇವತ್ತು ರಜೆ ಅಂತ ಫೋನ್ ಮಾಡಿದಾರೆ." ಆಚೆ ರಿಜಿಸ್ಟರ್ ತಿರುವುವ ಸದ್ದಾಯಿತು. "ಸೋಮವಾರ ಏಳಕ್ಕೆ ಬರ್ಲಿ. ಕೆಲಸ ಅವಳದ್ದು. ನೀವು ಬರ್ಬೇಡಿ."

ಅಂಗಡಿಯಲ್ಲಿ ಎದ್ದ ಗದ್ದಲಕ್ಕೆ ನಿಂತುಹೋಗಿದ್ದ ಎರಡು ಗಡಿಯಾರ ನಡೆಯತೊಡಗಿದವು ಎನ್ನುತ್ತಾರೆ. ಅದು ಕಡಿಮೆಯಾದ ಮೇಲೆ ಕಂಡಕ್ಟರರು ಕತ್ತರಿಯಕ್ಕನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

"ನನ್ನ ಮಗನಿಗೆ ಮೂವತ್ತಾಯ್ತು ಅಕ್ಕ. ಊರಿನವರನ್ನೆಲ್ಲ ಬಸ್ ಹತ್ತಿಸಿದೆ, ಅವನನ್ನ ಒಂದು ದಿನ ಒಬ್ಬನೇ ಹತ್ತಿಸ್ಲಿಲ್ಲ. ಸೋಮವಾರ ಹತ್ತಿಸ್ತೀನಿ. ನನ್ನನ್ನ ಇಲ್ಲಿ ಹಿಡಿದು ಕೂರಿಸ್ಕೊಳಿ."

"ಕಟ್ಟಿಹಾಕಿಯಾದ್ರೂ ಕೂರಿಸ್ತೀನಿ, ಬನ್ನಿ."

ಪುಟ್ಟಿ ಬಂದದ್ದು ನಾಲ್ಕು ಗಂಟೆಗೆ. ಚಪ್ಪಲಿಯೆಲ್ಲ ಕೆಸರು.

"ಯಾರನ್ನ ಕೇಳಿದೆ ದಾರಿ?" ಎಂದಳು ತಾಯಿ, ಆದಷ್ಟು ಉದಾಸೀನದ ದನಿಯಲ್ಲಿ.

"ಪೊಲೀಸ್ ಮಾವನ್ನ ಕೇಳ್ದೆ. ಅವರು ತಪ್ಪು ಹೇಳಿದ್ರು. ಆಮೇಲೆ ಹಾಲಿನ ಅಂಗಡಿಯವರನ್ನ ಕೇಳ್ದೆ."

"ಭಯ ಆಯ್ತಾ?"

"ಆಯ್ತು. ಲಾರಿ ಇತ್ತು. ಒಬ್ಬರು ಅಜ್ಜಿ ದಾಟ್ತಾ ಇದ್ರು, ಅವರ ಜೊತೆ ದಾಟ್ದೆ."

"ಫೋನ್ ಮಾಡ್ಬೋದಿತ್ತಲ್ಲೇ?"

"ಟೈಮ್ ಇರ್ಲಿಲ್ಲ ಅಮ್ಮ," ಎಂದು ಪುಟ್ಟಿ ಕಾಲು ತೊಳೆದುಕೊಂಡು ಬಂದು, ಊಟ ಮಾಡಿ, ತಟ್ಟೆ ತೊಳೆದಿಟ್ಟು, ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. "ನಾಳೆ ರಜೆ. ನನ್ನ ಎಬ್ಬಿಸ್ಬೇಡ. ಸೋಮವಾರಾನೂ ಎಬ್ಬಿಸ್ಬೇಡ, ನಾನೇ ಏಳ್ತೀನಿ."

"ಸರಿ," ಎಂದಳು ಕತ್ತರಿಯಕ್ಕ.