ಪುಣಜನೂರಿನ ಹುಡುಗಿಯ ಕೈಗುಣ

ಗುಂಡ್ಲುಪೇಟೆಯಲ್ಲಿ ಹನ್ನೊಂದು ವರ್ಷ ನರ್ಸ್ ಕೆಲಸ ಮಾಡಿದ ಮೇಲೆ ನನಗೆ ಚಾಮರಾಜನಗರದ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸವಾಯಿತು. ಮನೆ ಗುಂಡ್ಲುಪೇಟೆಯಲ್ಲೇ ಉಳಿಯಿತು. ಬೆಳಿಗ್ಗೆ ಬಸ್ಸು ಹತ್ತಿದರೆ ತೆರಕಣಾಂಬಿಯವರೆಗೆ ಕಿಟಕಿಗೆ ತಲೆ ಆನಿಸಿ ಒಂದು ಜೋಂಪು ತೆಗೆಯುತ್ತಿದ್ದೆ. ಅಲ್ಲಿ ಕಾಲೇಜು ಹುಡುಗರು, ಹೂವಿನ ಬುಟ್ಟಿಯವರು ಹತ್ತಿಕೊಂಡರೆ ನಿದ್ದೆ ಮುಗಿಯಿತು.

ಗುಂಡ್ಲುಪೇಟೆಯಲ್ಲಿ ನನಗೊಂದು ಹೆಸರಿತ್ತು. ನಾನು ಭೀಮನಬೀಡಿನವಳು. ಸುತ್ತಲಿನ ಊರುಗಳಿಂದ ಮಕ್ಕಳನ್ನು ಎತ್ತಿಕೊಂಡು ಬರುವವರು ಬಾಗಿಲಲ್ಲೇ, "ಬೀಮನ್‌ಬೀಡು ಸಿಸ್ಟ್ರು ಅವ್ರಾ?" ಎಂದು ಕೇಳುತ್ತಿದ್ದರು. ಎಳೆ ಮಕ್ಕಳ ಕೈಯಲ್ಲಿ ನರ ಹುಡುಕಿ ಡ್ರಿಪ್ಪಿನ ಸಣ್ಣ ಕೊಳವೆ ಕೂರಿಸುವುದು ಎಲ್ಲ ನರ್ಸುಗಳಿಗೂ ಬರುವ ಕೆಲಸವಲ್ಲ. ನಾವು ಅದಕ್ಕೆ ಲೈನ್ ಹಾಕುವುದು ಅನ್ನುತ್ತೇವೆ. ಹುಟ್ಟಿ ನಾಲ್ಕು ದಿನವಾದ ಮಗುವಿನ ನರ ಹೊಲಿಗೆ ದಾರಕ್ಕಿಂತ ದಪ್ಪ ಇರುವುದಿಲ್ಲ. ಅದು ನನಗೆ ಸಿಗುತ್ತಿತ್ತು. "ನಿನ್ ಕೈಗುಣ ಚಂದಾಗದೆ ಕಣವ್ವ" ಎಂದು ಅಜ್ಜಿಯರು ಹೇಳಿದಾಗ, ಅಯ್ಯೋ ಅದೆಲ್ಲ ಏನಿಲ್ಲ ಬಿಡಿ ಅನ್ನುತ್ತಿದ್ದೆ. ಆ ಮಾತು ಕೇಳದ ದಿನ ಮಾತ್ರ ಊಟ ರುಚಿಸುತ್ತಿರಲಿಲ್ಲ.

ಚಾಮರಾಜನಗರಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಆಗ ಅವಳು ಕೆಲಸಕ್ಕೆ ಸೇರಿದಳು. ಪುಣಜನೂರಿನ ಹುಡುಗಿ, ಇಪ್ಪತ್ತಾರರ ವಯಸ್ಸು, ಗುತ್ತಿಗೆ ಕೆಲಸ. ಮೊದಲ ವಾರವೇ ವಾಂತಿಭೇದಿಯಿಂದ ಬಾಡಿಹೋಗಿದ್ದ ಮೂರು ವರ್ಷದ ಹುಡುಗಿಯೊಬ್ಬಳು ಬಂದಳು. ನಾನು ಎರಡು ಸಲ ಚುಚ್ಚಿದೆ, ಸಿಗಲಿಲ್ಲ. ಮಗು ಆಸ್ಪತ್ರೆ ಹಾರಿಹೋಗುವಂತೆ ಕಿರುಚುತ್ತಿತ್ತು. ಇವಳು ಪಕ್ಕಕ್ಕೆ ಬಂದು ಕೂತಳು. ಮಗುವಿನ ಅಮ್ಮ ಗಡಿಯಾಚೆಯ ತಾಳವಾಡಿ ಕಡೆಯವಳು, ಮನೆಮಾತು ತಮಿಳು. ಅದನ್ನು ಹೇಗೆ ಗುರುತು ಹಿಡಿದಳೋ, "ಅಳಾದೆ ಕಣ್ಣು" ಎಂದು ತಮಿಳಿನಲ್ಲೇ ಮಗುವನ್ನು ಸಮಾಧಾನ ಮಾಡುತ್ತಾ, ಅದರ ಪಾದವನ್ನು ಹಕ್ಕಿಮರಿ ಹಿಡಿದ ಹಾಗೆ ಹಿಡಿದಳು. ಒಂದೇ ಚುಚ್ಚು. ರಕ್ತ ಕೊಳವೆಗೆ ಬಂತು.

ನೋಡುತ್ತಿದ್ದ ಮಕ್ಕಳ ಡಾಕ್ಟರು "ಭೇಷ್!" ಅಂದರು. ಆ ಡಾಕ್ಟರ ಬಾಯಲ್ಲಿ ಆ ಪದವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಾನು ಟ್ರೇಯಲ್ಲಿ ಹತ್ತಿ ಹುಡುಕುವವಳ ಹಾಗೆ ತಲೆ ಬಗ್ಗಿಸಿ ನಿಂತೆ. ಹತ್ತಿ ನನ್ನ ಕೈಯಲ್ಲೇ ಇತ್ತು.

ಆವತ್ತಿನಿಂದ ಶುರುವಾಯಿತು. ಅವಳು ಲೈನ್ ಹಾಕುವಾಗೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದರೂ ಕಿವಿ ಅಲ್ಲೇ ಇರುತ್ತಿತ್ತು. ಒಂದು ಸಲ ತಪ್ಪಲಿ ಎಂದು ಕಾಯುತ್ತಿದ್ದೆ. ತಪ್ಪಿದರೆ ನೋವಾಗುವುದು ಒಂದು ಮಗುವಿಗೆ ಎನ್ನುವುದು ತಲೆಗೆ ಹೊಳೆಯುತ್ತಿರಲಿಲ್ಲ. ಹೊಳೆದರೂ ಬದಿಗೆ ತಳ್ಳುತ್ತಿದ್ದೆ. ಅವಳು ಕೂದಲು ಕಟ್ಟಿದ್ದು ಸರಿಯಿಲ್ಲ, ಊಟದ ಹೊತ್ತಿನಲ್ಲಿ ಮೊಬೈಲ್ ನೋಡುತ್ತಾಳೆ, ಡಾಕ್ಟರ ಎದುರು ನಗು ಹೆಚ್ಚು. ಇಂಥವನ್ನೆಲ್ಲ ಹೆಕ್ಕಿ ಮನೆಗೆ ತಂದು ಗಂಡನ ಮುಂದೆ ಸುರಿಯುತ್ತಿದ್ದೆ. ಅವರು ಒಂದು ದಿನ ಟೀವಿಯಿಂದ ಕಣ್ಣು ತೆಗೆಯದೆ, "ಮಾಡ್ಲಿ ಬುಡು, ನಿಂಗೂ ಕೆಲ್ಸ ಕಮ್ಮಿ ಆಯ್ತದೆ" ಅಂದರು. ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ.

ಇನ್ನೊಂದು ವಿಷಯವನ್ನು ಗಂಡನಿಗೂ ಹೇಳಿರಲಿಲ್ಲ. ನನಗೆ ನಲವತ್ತಮೂರು ತುಂಬಿತ್ತು. ಹತ್ತಿರದ ವಸ್ತು ಮಂಜಾಗತೊಡಗಿತ್ತು. ಸೂಜಿಯ ತುದಿ ಕೆಲವೊಮ್ಮೆ ಎರಡಾಗಿ ಕಾಣುತ್ತಿತ್ತು. ಔಷಧದ ಬಾಟಲಿಯ ಮೇಲಿನ ಸಣ್ಣ ಅಕ್ಷರವನ್ನು ಕೈ ಚಾಚಿ ದೂರ ಹಿಡಿದು ಓದುತ್ತಿದ್ದೆ, ಯಾರೂ ನೋಡದಾಗ. ಕನ್ನಡಕ ಹಾಕಿಕೊಂಡರೆ ಅವಳ ಮುಂದೆ ಸೋತೆನೆಂದು ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು.

ನಾನು ಸೀನಿಯರ್. ಯಾರಿಗೆ ಯಾವ ಕೆಲಸ ಎಂದು ಪಟ್ಟಿ ಬರೆಯುವವಳು ನಾನೇ. ಅವಳನ್ನು ಮೆಲ್ಲಗೆ ನೆಬುಲೈಸರ್ ಮೂಲೆಗೆ ತಳ್ಳಿದೆ. ಉಬ್ಬಸದ ಮಕ್ಕಳಿಗೆ ಮುಖಕ್ಕೆ ಮಾಸ್ಕ್ ಹಿಡಿದು ಔಷಧದ ಹೊಗೆ ಕೊಡುವ ಜಾಗ ಅದು. ಮಧ್ಯೆ ಒಂದು ಹಸಿರು ಪರದೆ, ನಮ್ಮ ಮೇಜಿನಿಂದ ಹತ್ತು ಹೆಜ್ಜೆ. ಅವಳು ಯಾಕೆ ಎಂದು ಕೇಳಲಿಲ್ಲ. "ಆಯ್ತಕ್ಕ" ಎಂದು ಹೋದಳು. ಹಾಗೆ ಹೋದದ್ದಕ್ಕೂ ನನಗೆ ಸಿಟ್ಟು ಬಂತು.

ಅದೊಂದು ಸೋಮವಾರ. ಹನ್ನೊಂದು ಗಂಟೆಯ ಬಿಸಿಲು. ತೆರಕಣಾಂಬಿ ಹತ್ತಿರದ ಒಂದು ಹಳ್ಳಿಯಿಂದ ಆಟೋದಲ್ಲಿ ಒಬ್ಬ ಅಜ್ಜಿ ಒಂಬತ್ತು ದಿನದ ಮಗುವನ್ನು ಎತ್ತಿಕೊಂಡು ಬಂದರು. ಹಿಂದೆ ತಲೆಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ ಗೋಡೆ ಹಿಡಿದು ನಡೆಯುತ್ತಿದ್ದಳು.

"ಆಲು ಕುಡಿತಾ ಇಲ್ಲ ಕಣವ್ವ, ನೆನ್ನೆ ಸಂದೇಯಿಂದ" ಎಂದರು ಅಜ್ಜಿ. "ಮೈಯೆಲ್ಲ ತಣ್ಣಗಾಗ್ಬುಟ್ಟದೆ. ಅಳೋದೂ ಇಲ್ಲ. ಏನಾರ ಮಾಡವ್ವ."

ಬಟ್ಟೆ ಬಿಚ್ಚಿದೆ. ಹೆಣ್ಣು ಮಗು. ಪಾದ ಮಡಕೆಯ ನೀರಿನ ಹಾಗೆ ತಣ್ಣಗಿತ್ತು. ಬಿಸಿ ಕೊಡುವ ದೀಪದ ಕೆಳಗೆ ಮಲಗಿಸಿ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿದೆ. ಇಪ್ಪತ್ತೆಂಟು. ಮಗುವಿನ ಮಿದುಳು ಹಸಿವಿನಿಂದ ಒಣಗುವ ಮಟ್ಟ ಅದು. ಮಕ್ಕಳ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿ ಸಿಸೇರಿಯನ್ ಮಗುವಿಗಾಗಿ ನಿಂತಿದ್ದರು. ಫೋನಿನಲ್ಲಿ, "ಬೇಗ ಲೈನ್ ಹಾಕಿ ಗ್ಲೂಕೋಸ್ ಕೊಡಿ, ಬರ್ತಾ ಇದೀನಿ" ಅಂದರು.

ಎಡಗೈಯಲ್ಲಿ ಹುಡುಕಿದೆ. ಚುಚ್ಚಿದೆ. ಸಿಗಲಿಲ್ಲ. ಬಲಗೈ. ರಕ್ತ ಒಂದು ಚುಕ್ಕೆ ಕಾಣಿಸಿಕೊಂಡಿತು. ಆಮೇಲೆ ಚರ್ಮದ ಕೆಳಗೆ ನೀಲಿಯಾಗಿ ಊದಿಕೊಂಡಿತು. ನರ ಒಡೆದಿತ್ತು. ಮಗು ಅಳಲಿಲ್ಲ. ಚುಚ್ಚಿದರೂ ಅಳದ ಮಗುವೆಂದರೆ ಅಳುವಷ್ಟು ಶಕ್ತಿಯೂ ಉಳಿದಿಲ್ಲ ಎಂದು ಅರ್ಥ.

ಅಜ್ಜಿ ನನ್ನ ಮೊಣಕೈ ಮುಟ್ಟಿದರು. "ಅವ್ವಾ, ಆ ಸಣ್ಣ ಸಿಸ್ಟ್ರು ಇಲ್ವ? ಓದ್ ತಿಂಗ್ಳು ನನ್ ದೊಡ್ ಮೊಮ್ಮಗಂಗೆ ಒಂದೇ ಏಟ್ಗೆ ಆಕುದ್ರು. ಒಸಿ ಅವ್ರನ್ನ ಕರೀರವ್ವ."

ಪರದೆಯ ಆಚೆ ಅವಳು ಯಾವುದೋ ಮಗುವಿಗೆ ಉಸಿರು ಎಳೆದುಕೊಳ್ಳಲು ಹೇಳಿಕೊಡುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಕರೆದರೆ ಹತ್ತು ಹೆಜ್ಜೆ.

"ಅವರು ಬೇರೆ ಕಡೆ ಇದ್ದಾರೆ" ಎಂದೆ.

ಇಷ್ಟು ವರ್ಷದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಅದು ಅತಿ ಚಿಕ್ಕದು, ಅತಿ ಕೆಟ್ಟದ್ದು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಮಗು ಇರಲಿಲ್ಲ. ಇದನ್ನು ನಾನೇ ಹಾಕಬೇಕು, ಈ ಅಜ್ಜಿ ನೋಡಬೇಕು, ಊರಿಗೆ ಹೋಗಿ ಹೇಳಬೇಕು ಎನ್ನುವ ಹಟವಷ್ಟೇ ಇತ್ತು.

ಮೂರನೆಯ ಸಲ ಪಾದಕ್ಕೆ ಚುಚ್ಚಿದೆ. ಸೂಜಿಯ ತುದಿ ಎರಡಾಗಿ ಕಂಡಿತು. ಎರಡರಲ್ಲಿ ಯಾವುದು ನಿಜ ಎಂದು ಗೊತ್ತಾಗುವುದರೊಳಗೆ ಅದೂ ಹೋಯಿತು. ಮಗುವಿನ ಮೇಲ್ದುಟಿ ಅದುರತೊಡಗಿತು, ಎಡಗೈ ಸಣ್ಣಗೆ ಜಗ್ಗಿತು. ಫಿಟ್ಸ್.

ಆಗ ಕೂಗಿದೆ. ಹೆಸರು ಹಿಡಿದು, ಇಡೀ ವಿಭಾಗಕ್ಕೆ ಕೇಳುವಂತೆ ಕೂಗಿದೆ.

ಪರದೆ ಸರಿಯಿತು. ಅವಳು ಓಡಿಬಂದಳು. ಬಂದವಳು ನನ್ನ ಮುಖ ನೋಡಲಿಲ್ಲ. "ಅಕ್ಕ, ಟಾರ್ಚು" ಎಂದಳು. ಮಗುವಿನ ಅಂಗೈ ಕೆಳಗೆ ನಾನು ಟಾರ್ಚು ಹಿಡಿದೆ. ಪುಟ್ಟ ಕೈ ಕೆಂಪು ಗಾಜಿನ ಹಾಗೆ ಬೆಳಗಿತು, ಒಳಗೆ ಒಂದು ಕಪ್ಪು ಎಳೆ ಕಾಣಿಸಿತು. ನನಗಲ್ಲ, ಅವಳಿಗೆ. ಅವಳು ಉಸಿರು ಬಿಗಿಹಿಡಿದು ಸೂಜಿಯನ್ನು ಮಲಗಿಸಿ ಒಳಗೆ ಬಿಟ್ಟಳು. ರಕ್ತ ಬಂತು. ನಾನು ಗ್ಲೂಕೋಸ್ ತುಂಬಿದ ಸಿರಿಂಜನ್ನು ಸಿಕ್ಕಿಸಿ ನಿಧಾನಕ್ಕೆ ಒತ್ತಿದೆ. ತುಟಿಯ ಅದುರು ನಿಂತಿತು. ಸ್ವಲ್ಪ ಹೊತ್ತಿಗೆ ಮಗು ಹುಬ್ಬು ಗಂಟಿಕ್ಕಿ, ಬೆಕ್ಕಿನ ಮರಿಯ ಹಾಗೆ ಅತ್ತಿತು. ಗೋಡೆಗೆ ಒರಗಿದ್ದ ಬಾಣಂತಿ ಅಲ್ಲೇ ಕುಸಿದು ಕೂತಳು.

ಅಜ್ಜಿ ಪುಣಜನೂರಿನ ಹುಡುಗಿಯ ಗಲ್ಲ ಹಿಡಿದು, "ತಾಯಿ, ನೀನ್ ಬಂದೆ ಕಣಮ್ಮಿ" ಎಂದು ಅತ್ತರು. ನಂಬಿದರೆ ನಂಬಿ, ಮಗು ಉಳಿದ ಆ ಗಳಿಗೆಯಲ್ಲೂ ನನ್ನ ಎದೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಆ ಕೈ ನನ್ನ ಗಲ್ಲದ ಮೇಲೆ ಇರಬೇಕಿತ್ತು.

ಡಾಕ್ಟರು ಬಂದು ಮಗುವನ್ನು ನೋಡಿದರು. ಮೂರು ಕಡೆ ನೀಲಿಗಟ್ಟಿದ್ದು ಅವರ ಕಣ್ಣಿಗೆ ಬಿತ್ತು. "ಇಷ್ಟು ಸಲ ಚುಚ್ಚೋವರೆಗೂ ಇವಳನ್ನ ಯಾಕೆ ಕರೀಲಿಲ್ಲ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಅವಳೇ ಹೇಳಿದಳು: "ನಾನೇ ಬರಕ್ಕಾಗ್ಲಿಲ್ಲ ಸಾರ್. ಅಲ್ಲೊಂದು ಮಗೂಗೆ ಉಬ್ಬಸ ಜಾಸ್ತಿ ಇತ್ತು."

ಡಾಕ್ಟರು ಹೂಂ ಎಂದು, ಮಗುವನ್ನು ನವಜಾತ ಶಿಶುಗಳ ವಾರ್ಡಿಗೆ ಕಳಿಸಲು ಹೇಳಿ ಹೋದರು. ನಾನು ಅವಳ ಮಾತನ್ನು ತಿದ್ದಲಿಲ್ಲ. ಕೈಯಲ್ಲಿ ಗೆದ್ದಳು, ಈಗ ಒಳ್ಳೆತನದಲ್ಲೂ ಗೆದ್ದಳು ಎನ್ನಿಸಿತು. ಕಾಪಾಡಿದವಳ ಮೇಲೆ ಬಂದಷ್ಟು ಸಿಟ್ಟು ನನಗೆ ಬೈದವರ ಮೇಲೆ ಯಾವತ್ತೂ ಬಂದಿಲ್ಲ.

ಮಧ್ಯಾಹ್ನ ಊಟದ ಕೋಣೆಯಲ್ಲಿ ನಾವಿಬ್ಬರೇ. ಅವಳು ಡಬ್ಬಿ ತೆರೆದಿದ್ದಳು, ಕೈ ಹಾಕಿರಲಿಲ್ಲ.

"ಯಾಕೆ ಸುಳ್ಳು ಹೇಳ್ದೆ ಸಾರ್ ಹತ್ರ?" ಎಂದೆ. ಕೃತಜ್ಞತೆಯ ಧ್ವನಿ ಬರಲೇ ಇಲ್ಲ.

"ಅದು ಪೂರ್ತಿ ಸುಳ್ಳಲ್ಲಕ್ಕ." ಅವಳು ಡಬ್ಬಿಯನ್ನೇ ನೋಡುತ್ತಿದ್ದಳು. "ಅಜ್ಜಿ ನನ್ನ ಕೇಳಿದ್ದು ನಂಗೆ ಕೇಳುಸ್ತು. ನೀವು ಹೇಳಿದ್ದೂ ಕೇಳುಸ್ತು."

ನನ್ನ ಕಿವಿ ಬಿಸಿಯಾಯಿತು. "ಮತ್ತೆ ಬರಬಾರದಾಗಿತ್ತಾ?"

"ಎರಡು ಸಲ ಎದ್ದೆ ಅಕ್ಕ. ಬಂದ್ರೆ ನೀವು ಏನಂತೀರೋ ಅಂತ ಕೂತ್ಬುಟ್ಟೆ. ಮೊನ್ನೆ ಒಂದ್ ಸಲ ಹೀಗೇ ಬಂದಾಗ, ಕರೆದ್ರೆ ಬಾ, ಇಲ್ಲಾಂದ್ರೆ ನಿನ್ ಜಾಗದಲ್ಲಿರು ಅಂದಿದ್ರಿ." ಅವಳ ಕಣ್ಣು ತುಂಬಿತ್ತು. "ಆ ಮಗೂಗೆ ಏನಾದ್ರೂ ಆಗಿದ್ರೆ ನಾನೂ ಕಾರಣ ಆಗ್ತಿದ್ದೆ. ನಂಗ್ ಅದೇ ಯೋಚ್ನೆ."

ನಾನು ಹಾಗೆ ಅಂದಿದ್ದು ನನಗೆ ಮರೆತೇ ಹೋಗಿತ್ತು. ಅವಳನ್ನು ಮೂಲೆಗೆ ಕೂರಿಸಿದ್ದು ನನಗೆ ನನ್ನೊಬ್ಬಳ ಗುಟ್ಟು ಅನ್ನಿಸಿತ್ತು. ಅದು ಹತ್ತು ಹೆಜ್ಜೆ ದೂರದ ಒಬ್ಬ ಒಳ್ಳೆಯ ನರ್ಸನ್ನು ಎದ್ದು ಬರದ ಹಾಗೆ ಮಾಡಿತ್ತು. ಒಂಬತ್ತು ದಿನದ ಮಗುವೊಂದು ನಡುವೆ ಸಿಕ್ಕಿಕೊಂಡಿತ್ತು.

ಊಟ ಬಿಟ್ಟು ಎದ್ದೆ. ಡಾಕ್ಟರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಕರೆಯದೆ ಇದ್ದವಳು ನಾನು ಎಂದೆ, ಕಣ್ಣಿನ ವಿಷಯವನ್ನೂ ಹೇಳಿದೆ. ಅವರು ನನ್ನನ್ನು ಕೂರಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಾಳೆ ಮೊದಲು ಕನ್ನಡಕ ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೆ ಎಳೆ ಮಕ್ಕಳಿಗೆ ನೀವು ಲೈನ್ ಹಾಕ್ಬೇಡಿ" ಎಂದರು. ಇನ್ನು ಮುಂದೆ ಯಾರೇ ಆಗಲಿ ಎರಡು ಸಲ ಸಿಗದಿದ್ದರೆ ಸೂಜಿ ಕೆಳಗಿಟ್ಟು ಇನ್ನೊಬ್ಬರನ್ನು ಕರೆಯಬೇಕು ಎಂದು ಅವತ್ತೇ ಹೇಳಿದರು. ಆ ಸೂಚನೆಯನ್ನು ಗೋಡೆಗೆ ಅಂಟಿಸಿದವಳು ನಾನು. ಪಟ್ಟಿಯಿಂದ ನೆಬುಲೈಸರ್ ಮೂಲೆಯ ಮುಂದಿದ್ದ ಅವಳ ಹೆಸರನ್ನೂ ತೆಗೆದೆ.

ಮಗು ವಾರ್ಡಿನಲ್ಲಿ ಆರು ದಿನ ಇತ್ತು. ಹಾಲು ಕುಡಿಯುವುದು ಸರಿಹೋಯಿತು, ಮತ್ತೆ ಫಿಟ್ಸ್ ಬರಲಿಲ್ಲ. ಮನೆಗೆ ಹೊರಡುವ ದಿನ ನಾನೇ ಹೋಗಿ ಅಜ್ಜಿಗೆ ಹೇಳಿದೆ: ಆವತ್ತು ಆ ಸಿಸ್ಟರ್ ಇಲ್ಲೇ ಇದ್ದರು, ನಾನೇ ಕರೆಯಲಿಲ್ಲ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಇನ್ಮುಂದುಕ್ಕಾರ ಕರೀರವ್ವ" ಎಂದಷ್ಟೇ ಹೇಳಿ, ಮಗುವಿನ ಟೋಪಿ ಸರಿಮಾಡಿ ಹೊರಟರು. ಬೈದಿದ್ದರೆ ವಾಸಿಯಿತ್ತು.

ಕನ್ನಡಕ ಬಂದ ಮೇಲೆ ಅವಳ ಹತ್ತಿರವೇ ಕಲಿತೆ. ಸೂಜಿಯನ್ನು ನಾನು ಹಿಡಿಯುತ್ತಿದ್ದುದಕ್ಕಿಂತ ಮಲಗಿಸಿ ಹಿಡಿಯಬೇಕು, ನರ ಕಂಡ ಜಾಗಕ್ಕಿಂತ ಸ್ವಲ್ಪ ಹಿಂದಿನಿಂದ ಹೊರಡಬೇಕು, ಮಗುವಿನ ಕೈಯನ್ನು ಗಟ್ಟಿಯಾಗಿ ಹಿಡಿಯದೆ ಮೊದಲು ಬೆಚ್ಚಗೆ ಮಾಡಬೇಕು. ನನಗಿಂತ ಹದಿನೇಳು ವರ್ಷ ಚಿಕ್ಕವಳ ಪಕ್ಕ ಟಾರ್ಚು ಹಿಡಿದು ನಿಲ್ಲುವಾಗ ಮೊದಮೊದಲು ಮೈಮೇಲೆ ಮುಳ್ಳು ಎದ್ದ ಹಾಗೆ ಆಗುತ್ತಿತ್ತು. ಅಭ್ಯಾಸವಾಯಿತು.

ಕೆಲವು ತಿಂಗಳ ಮೇಲೆ ಹರದನಹಳ್ಳಿ ಕಡೆಯಿಂದ ಜ್ವರದ ಎಳೆ ಮಗುವೊಂದು ಬಂತು. ಅವಳು ಎರಡು ಸಲ ಪ್ರಯತ್ನಿಸಿದಳು, ಸಿಗಲಿಲ್ಲ. ಗೋಡೆಯ ಕಾಗದದ ಕಡೆ ಒಮ್ಮೆ ನೋಡಿ ಸೂಜಿ ಕೆಳಗಿಟ್ಟು, "ಅಕ್ಕ, ಬನ್ನಿ" ಎಂದಳು. ನನಗೆ ಮೊದಲ ಸಲಕ್ಕೇ ಸಿಕ್ಕಿತು. ಮಗುವಿನ ತಾಯಿ ಕೈಮುಗಿದು, "ನಿಮ್ ಕೈ ಚೆಂದ ಕಣವ್ವ" ಎಂದಳು.

ನಾನು ಮಾಡಿದ ಮೊದಲ ಕೆಲಸವೆಂದರೆ ಪುಣಜನೂರಿನ ಹುಡುಗಿಯ ಮುಖ ನೋಡಿದ್ದು, ಅವಳಿಗೆ ಸ್ವಲ್ಪವಾದರೂ ಹೊಟ್ಟೆ ಉರಿಯಿತೇ ಎಂದು. ಅವಳು ಹಲ್ಲು ಬಿಟ್ಟು ನಗುತ್ತಾ ಪ್ಲಾಸ್ಟರ್ ಹರಿಯುತ್ತಿದ್ದಳು. ಉರಿದಿರಲಿಲ್ಲ. ನನಗೆ ಒಂದು ಚೂರು ಬೇಜಾರೇ ಆಯಿತು.